ಸಿಗ್ನಲ್ ಇಲ್ಲದವನನ್ನು ಹುಡುಕೋದು

ಲೂಕ 15ರ ಕುರುಬನ ಸಾಮ್ಯ ಓದುವಾಗೆಲ್ಲ ನನಗೆ ಸ್ಟೀವ್ ಫಾಸೆಟ್ ನೆನಪಾಗ್ತಾರೆ. 2002ರಲ್ಲಿ ಬಲೂನಿನಲ್ಲಿ ಒಬ್ಬರೇ ಭೂಮಿ ಸುತ್ತಿದವರು. 2007ರ ಸೆಪ್ಟೆಂಬರ್ 3ರಂದು ಅಮೆರಿಕದ ನೆವಾಡದಿಂದ ಚಿಕ್ಕ ವಿಮಾನದಲ್ಲಿ ಹೊರಟವರು ತಿರುಗಿ ಬರಲಿಲ್ಲ. ಫ್ಲೈಟ್ ಪ್ಲಾನ್ ಕೊಟ್ಟಿರಲಿಲ್ಲ, ಸಿಗ್ನಲ್ಲೂ ಇಲ್ಲ.

ಸಿವಿಲ್ ಏರ್ ಪೆಟ್ರೋಲ್‌ನ ಸ್ವಯಂಸೇವಕರು ಹುಡುಕಿದ್ರು. ಸಂಬಳಕ್ಕಲ್ಲ ಪ್ರಿಯರೇ! ಒಬ್ಬರು ವಿಮಾನ ಓಡಿಸ್ತಾರೆ, ಇನ್ನೊಬ್ಬರು ಕಿಟಕಿಯಿಂದ ಕಣ್ಣು ತೆಗೆಯದೆ ನೆಲ ನೋಡ್ತಾರೆ. ಸಾವಿರಾರು ಜನ ಮನೆಯಲ್ಲೇ ಕೂತು ಸ್ಯಾಟಲೈಟ್ ಫೋಟೋಗಳಲ್ಲಿ ಹುಡುಕಿದ್ರು. ಹಿಂದೆಂದೋ ಬಿದ್ದಿದ್ದ ಬೇರೆ ವಿಮಾನಗಳು ಸಿಕ್ಕವು, ಅವರು ಸಿಗಲಿಲ್ಲ. ಸುಮಾರು ಒಂದು ತಿಂಗಳಾದ ಮೇಲೆ ನಿಲ್ಲಿಸಿದ್ರು. ಮರುವರ್ಷ ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ನಡೀತಿದ್ದ ಒಬ್ಬರಿಗೆ ಅವರ ಗುರುತಿನ ಚೀಟಿ ಸಿಕ್ಕಿತು, ಆಮೇಲೆ ವಿಮಾನದ ಅವಶೇಷ. ಅವರು ಬದುಕಿರಲಿಲ್ಲ.

ನಮ್ಮ ಯೂತ್ ಗ್ರೂಪಿನ ಒಬ್ಬ ತಮ್ಮ ಎಂಟು ತಿಂಗಳಿಂದ ಬರ್ತಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವನಿಗೋಸ್ಕರ ಪ್ರಾರ್ಥನೆ ಮಾಡ್ತಿದೀನಲ್ಲ ಅಂತ ಸುಮ್ಮನಾದೆ. ನಿಜ ಹೇಳ್ಲಾ? ಪ್ರಾರ್ಥನೆಯನ್ನೂ ಬಿಟ್ಟಿದ್ದೆ. ದೇವರು ನನ್ನನ್ನು ಕ್ಷಮಿಸಲಿ.

ಇದ್ದಾರೋ ಇಲ್ಲವೋ ಗೊತ್ತಿಲ್ಲದವರಿಗೋಸ್ಕರ ಅವರು ತಿಂಗಳು ಹಾರಿದ್ರು. ನಮ್ಮ ತಮ್ಮ ಬದುಕಿದ್ದಾನೆ, ಅವನ ಪಿಜಿ ಇಲ್ಲಿಂದ ಎರಡು ಬಸ್ ಸ್ಟಾಪ್. ಆರಾಧನೆ ಮುಗಿದ ಕೂಡಲೇ ನಾನು ಹೊರಡ್ತೀನಿ. ಯಾರು ಜೊತೆಗೆ ಬರ್ತೀರಿ?