ನಾದವೋ ನುಡಿಯೋ?

ಖಾನಾಪುರದ ಸೀಮೆಯಲ್ಲಿ ಕನ್ನಡ, ಮರಾಠಿಗಳೆರಡೂ ಮನೆಮಾತುಗಳು. ಅಲ್ಲಿ ವಚನಗಾಯನ ನಡೆದರೆ ಕನ್ನಡವರಿಯದವನೂ ತಲೆದೂಗುವನು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಹಾಡಿದ ಕಬೀರರ ನಿರ್ಗುಣ ಪದಗಳು ಹಿಂದಿಯರಿಯದ ಕನ್ನಡಿಗನನ್ನೂ ಸೆಳೆಯುವುವು. ನಾದಕ್ಕೆ ಭಾಷೆಯ ಗಡಿಯಿಲ್ಲ.

ಹಾಗಾದರೆ ನುಡಿ ಗೌಣವೆ? ವಚನಗಳನ್ನು ಮಲ್ಲಿಕಾರ್ಜುನ ಮನಸೂರರಂಥವರು ರಾಗಗಳಲ್ಲಿ ಹಾಡಿದರು. ಆದರೆ ಮೂಲತಃ ಅವು ಕೇಳುವವನ ನಡೆಯನ್ನು ಪ್ರಶ್ನಿಸುವ ಮಾತುಗಳು. ನಾದವು ನೆಲವನ್ನು ಹದಗೊಳಿಸುವ ನೇಗಿಲು, ನುಡಿ ಬೀಜ. ಉತ್ತಮಾತ್ರಕ್ಕೆ ಬೆಳೆ ಬಾರದು. ಉಳದ ನೆಲದಲ್ಲಿ ಬೀಜವೂ ಬೇರೂರದು. ಸವಿಗೆ ನಾದ ಮೊದಲು, ಬಾಳಿಗೆ ನುಡಿ ಮೊದಲು.

ಭಾಷೆಯರಿಯದವನು ನಾದದಲ್ಲಿಯೇ ನಿಂತರೆ ದೋಷವಿಲ್ಲ. ಅರ್ಥವರಿತೂ ರಾಗಕ್ಕೆ ಮಾತ್ರ ತಲೆದೂಗಿ, ಮನೆಗೆ ಮರಳಿ ಆಳಿನ ಕೂಲಿಯನ್ನು ತಡೆಹಿಡಿಯುವ ಗೃಹಸ್ಥನು ವಚನವನ್ನು ಇನ್ನೂ ಕೇಳಿಯೇ ಇಲ್ಲ.