ಮಣ್ಣಿನ ಮಗು

ಅಕ್ಕನ ಮೂರು ವರ್ಷದ ಮಗನಿಗೆ ಹೃದಯದ ಕೆಳ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದೆ, ಆಪರೇಷನ್ ಆಗಲೇಬೇಕು ಎಂದು ಗೊತ್ತಾದ ದಿನ, ಕೆದಂಬಾಡಿಯ ನಮ್ಮ ಮನೆಯಲ್ಲಿ ಅಮ್ಮ ಮಾಡಿದ ಮೊದಲ ಕೆಲಸ ಸುರ್ಯಕ್ಕೆ ಹರಕೆ ಹೇಳಿಕೊಂಡದ್ದು. ಉಜಿರೆಯ ಹತ್ತಿರ, ನಡ ಗ್ರಾಮದಲ್ಲಿರುವ ಆ ಸದಾಶಿವರುದ್ರ ದೇವಸ್ಥಾನಕ್ಕೆ ಮಣ್ಣಿನ ಗೊಂಬೆಯೇ ಹರಕೆ. ಮನೆ ಬೇಕಾದವರು ಮಣ್ಣಿನ ಮನೆ ಒಪ್ಪಿಸುತ್ತಾರೆ, ಕಾಲುನೋವಿನವರು ಮಣ್ಣಿನ ಕಾಲು. ಅಮ್ಮ ಹೇಳಿಕೊಂಡದ್ದು ಒಂದು ಮಗು.

"ಇದು ದೇವರ ಹತ್ತಿರ ವ್ಯಾಪಾರ ಅಲ್ವಾ?" ಎಂದು ಕೇಳಿದೆ. ಪಿಎಚ್‌.ಡಿ. ಮಾಡುವವರಿಗೆ ಇಂಥ ಪ್ರಶ್ನೆಗಳು ಸುಲಭವಾಗಿ ಬರುತ್ತವೆ.

"ನಿನಗೆ ಬೇರೆ ಏನಾದರೂ ಮಾಡ್ಲಿಕ್ಕೆ ಗೊತ್ತಿದ್ದರೆ ಹೇಳು" ಅಂದಳು ಅಮ್ಮ.

ಗೊತ್ತಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ನಡೆಯುತ್ತಿದ್ದಾಗ ಭಾವನ ಪಕ್ಕ ಕೂತು, ಹಿಂದೆ ಎಲ್ಲೋ ಓದಿದ್ದನ್ನು ನೆನೆಯುತ್ತಿದ್ದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಲ್ಟನ್ ಲಿಲ್ಲೆಹೈ ಎಂಬ ವೈದ್ಯ ಹದಿಮೂರು ತಿಂಗಳ ಮಗುವಿನ ಇಂಥದೇ ರಂಧ್ರವನ್ನು ಮುಚ್ಚಿದಾಗ, ಪಕ್ಕದ ಮೇಜಿನ ಮೇಲೆ ಮಗುವಿನ ಅಪ್ಪ ಮಲಗಿದ್ದ. ಮಗುವಿನ ರಕ್ತ ಕೊಳವೆಯಲ್ಲಿ ಅಪ್ಪನ ದೇಹಕ್ಕೆ ಹೋಗಿ, ಆಮ್ಲಜನಕ ಪಡೆದು ಮರಳುತ್ತಿತ್ತು. ಹನ್ನೊಂದು ದಿನಗಳ ನಂತರ ಆ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೂ ಈ ವಿಧಾನದಲ್ಲಿ ಚಿಕಿತ್ಸೆಯಾದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಈಗ ಆ ಕೆಲಸಕ್ಕೆ ಯಂತ್ರವಿದೆ, ಒಳ್ಳೆಯದೇ ಆಯಿತು. ಭಾವನಿಗೆ ಮಾತ್ರ ಕುರ್ಚಿಯಲ್ಲಿ ಕೂರುವುದರ ಹೊರತು ಮಾಡಲು ಏನೂ ಇರಲಿಲ್ಲ. ಅಮ್ಮನ ಪ್ರಶ್ನೆ ಆಗ ಅರ್ಥವಾಯಿತು.

ಮಗುವಿನ ಎದೆಯ ಎಲುಬನ್ನು ತಂತಿಯಿಂದ ಕೂಡಿಸಿದ್ದರು. ಅದು ಗಟ್ಟಿಯಾಗುವ ತನಕ, ಆರೆಂಟು ವಾರ, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಕೈ ಕುಂಡೆಯ ಅಡಿಗೆ, ಇನ್ನೊಂದು ಬೆನ್ನಿಗೆ ಕೊಟ್ಟು ಎತ್ತಬೇಕು. ನಾಲ್ಕು ಮಕ್ಕಳನ್ನು ಸಾಕಿದ ಅಮ್ಮ ಮಗು ಎತ್ತುವುದನ್ನು ಹೊಸತಾಗಿ ಕಲಿತಳು. ನೋಡಲು ಬಂದ ಅತ್ತೆ ಹಳೆಯ ರೀತಿಯಲ್ಲಿ ಎತ್ತಲು ಹೋದಾಗ ಜಗಲಿಯಿಂದಲೇ ಕೂಗಿದಳು. ದೇವರಿದ್ದಾನೆ ಎಂದು ಒಂದು ಹೊತ್ತಿನ ಮದ್ದನ್ನೂ ತಪ್ಪಿಸಲಿಲ್ಲ. ನಂಬಿಕೆ ಎಂದರೆ ಕೈಚೆಲ್ಲಿ ಕೂರುವುದು ಎನ್ನುವವರು ನಮ್ಮ ಮನೆಗೆ ಆ ದಿನಗಳಲ್ಲಿ ಬರಬೇಕಿತ್ತು.

ಆದರೆ ಮಗು ಚೇತರಿಸಿಕೊಂಡ ಮೇಲೂ ಅಕ್ಕ ಸುರ್ಯಕ್ಕೆ ಹೊರಡಲಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ತಾಯಿಯೂ ಅವಳೂ ಬುತ್ತಿ ಹಂಚಿಕೊಂಡಿದ್ದರು. ಆಕೆಯೂ ನಾಣ್ಯವೊಂದನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳಂತೆ. ಆ ಮಗು ಉಳಿಯಲಿಲ್ಲ.

ಪ್ರಾಚೀನ ಗ್ರೀಸಿನ ಡಯಾಗೊರಸ್‌ನ ಬಗ್ಗೆ ಸಿಸೆರೊ ಒಂದು ಪ್ರಸಂಗ ಹೇಳುತ್ತಾನೆ. ಹರಕೆ ಹೇಳಿಕೊಂಡು ಬಿರುಗಾಳಿಯಿಂದ ಪಾರಾದವರು ದೇವಾಲಯಕ್ಕೆ ಕೊಟ್ಟ ಚಿತ್ರಗಳನ್ನು ತೋರಿಸಿದಾಗ, ಮುಳುಗಿ ಸತ್ತವರ ಚಿತ್ರಗಳು ಎಲ್ಲಿಯೂ ಇಲ್ಲವಲ್ಲ ಎಂದನಂತೆ ಆ ನಾಸ್ತಿಕ. ನಾನು ಇದನ್ನು ವಾದಕ್ಕೆಂದು ಓದಿಕೊಂಡವನು. ಅಕ್ಕ ಓದದೆಯೇ ಅಲ್ಲಿಗೆ ಬಂದಿದ್ದಳು: "ಅವಳ ಮಾತು ಕೇಳದ ದೇವರು ನನ್ನದನ್ನು ಕೇಳಿದ ಅಂತ ನಾನು ಹೇಗೆ ಹೇಳುವುದಮ್ಮ?"

ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. "ಹಾಗೆ ಹೇಳಬೇಡ. ನಾನು ಮಾತು ಕೊಟ್ಟಿದ್ದೇನೆ, ಕೊಟ್ಟದ್ದನ್ನು ಒಪ್ಪಿಸಿ ಬರುವ."

ಹರಕೆಯನ್ನು ನಾನು ಕಾರಣದ ಲೆಕ್ಕವೆಂದುಕೊಂಡಿದ್ದೆ: ಇದು ಕೊಟ್ಟೆ, ಅದು ಆಯಿತು. ಅಮ್ಮನಿಗೆ ಅದು ಕಂಗಾಲಾದ ಹೊತ್ತಿನಲ್ಲಿ ಆಡಿದ ಮಾತು; ಸಂಕಟ ಕಳೆದ ಮೇಲೂ ನಡೆಸಬೇಕಾದ ಮಾತು. ಇದರಿಂದ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗನ್ನಿಸುವುದಿಲ್ಲ. ಆ ಇನ್ನೊಬ್ಬ ತಾಯಿಗೆ ಈಗ ತೀರಿಸಲು ಯಾವ ಹರಕೆಯೂ ಇಲ್ಲ. ಅಂಥ ಋಣಮುಕ್ತಿ ಯಾರಿಗೆ ಬೇಕು?

ಮಳೆಗಾಲ ಮುಗಿದ ಮೇಲೆ ಉಪ್ಪಿನಂಗಡಿ ದಾಟಿ ಹೋದೆವು. ಹರಕೆ ಬನದಲ್ಲಿ ಹಿಂದಿನವರ ಗೊಂಬೆಗಳು ರಾಶಿಯಾಗಿದ್ದವು. ಕೆಲವಕ್ಕೆ ಕೈಯಿಲ್ಲ, ಕೆಲವಕ್ಕೆ ಮುಖ ಅಳಿಸಿದೆ. ಯಾವುದು ಯಾರದೆಂದು ತಿಳಿಯುವಂತಿಲ್ಲ. ಅಕ್ಕ ಅಲ್ಲಿ ಬಹಳ ಹೊತ್ತು ನಿಂತಳು. ಮಗ ಎತ್ತಿಕೋ ಎಂದು ಎರಡೂ ಕೈ ಮೇಲೆ ಮಾಡಿದ. ಎಲುಬು ಕೂಡಿ ತಿಂಗಳುಗಳೇ ಆಗಿದ್ದವು. ಅವಳು ಬಗ್ಗಿ, ಒಂದು ಕೈ ಅವನ ಅಡಿಗೆ, ಇನ್ನೊಂದು ಬೆನ್ನಿಗೆ ಕೊಟ್ಟು, ನಿಧಾನವಾಗಿ ಎತ್ತಿಕೊಂಡಳು.