ಉಪವಾಸವೂ ಕನಿಕರವೂ



ಬೂದಿ ಬುಧವಾರ ಮೊದಲುಗೊಂಡು ಈಸ್ಟರ್ ಹಬ್ಬದ ವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ, ಲೆಂಟ್ ಕಾಲವು 40 ದಿನ. ಈ ದಿನಗಳಲ್ಲಿ ಕೆಲವರು ಮಾಂಸವನ್ನೂ ಕೆಲವರು ಒಂದು ಹೊತ್ತಿನ ಊಟವನ್ನೂ ಬಿಡುತ್ತಾರೆ. ಇದು ಒಳ್ಳೆಯದೇ. ಆದರೆ ನಾವು ಬಿಟ್ಟ ಆ ಮುದ್ದೆಯು ಎಲ್ಲಿಗೆ ಹೋಯಿತು? ಅದರ ರಾಗಿಯು ನಮ್ಮ ಕಣಜದಲ್ಲಿಯೇ ಉಳಿದರೆ ನಾವು ಮಾಡಿದ್ದು ಉಪವಾಸವಲ್ಲ, ಉಳಿತಾಯ. ಯೆಶಾಯನ ಗ್ರಂಥದ 58ನೆಯ ಅಧ್ಯಾಯವನ್ನು ಓದಿ ನೋಡಿರಿ. ಉಪವಾಸದ ದಿನದಲ್ಲಿಯೇ ಕೂಲಿಯಾಳುಗಳನ್ನು ಪೀಡಿಸಿದ ಜನರನ್ನು ದೇವರು ಅಲ್ಲಿ ಗದರಿಸುತ್ತಾನೆ. ಹಸಿದವರಿಗೆ ಹಂಚುವುದೇ ತನಗೆ ಮೆಚ್ಚಿಗೆಯೆಂದು ತಿಳಿಸುತ್ತಾನೆ.

ಹಸಿವೆಂದರೇನೆಂಬುದನ್ನು ನಮ್ಮ ಸೀಮೆಯು ಬಲ್ಲದು. 1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನವನ್ನು ಮಹಾ ಕ್ಷಾಮವು ಹಿಡಿಯಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆಯು 50 ಲಕ್ಷಕ್ಕೆ ಮೇಲಿತ್ತು; 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಿಕ್ಕಿಲ್ಲದೆ ಉಳಿದ ಮಕ್ಕಳನೇಕರನ್ನು ಮಿಶನ್ನಿನವರು ಅನಾಥಾಲಯಗಳಲ್ಲಿ ಸಲಹಿದರು. ಹಸಿದ ಮಗುವಿಗೆ ಮೊದಲು ಬೇಕಾದದ್ದು ಬೋಧನೆಯಲ್ಲ, ಗಂಜಿ.

ಆ ಕ್ಷಾಮವು ಕಳೆಯಿತು. ಕನಿಕರಕ್ಕೆ ಕಾದಿರುವವರು ಕಳೆದುಹೋಗಲಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ದೂರದೂರದಿಂದ ಬಂದವರು ದುಡಿಯುತ್ತಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಲ್ಪಟ್ಟ ಮೇಲೆ ಸುತ್ತಲಿನ ಹೊಲಗಳ ಬೆಲೆ ಏರಿತು. ಬದುವಿನ ವ್ಯಾಜ್ಯದಿಂದ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳೂ ಉಂಟು. ಊಟ ಬಿಡುವುದು ಸುಲಭ. ಹಗೆ ಬಿಡುವುದು ಕಷ್ಟ. ಒಡಹುಟ್ಟಿದವನ ಮನೆಯ ಹೊಸ್ತಿಲನ್ನು ತುಳಿಯದವನು ದೇವಾಲಯದ ಹೊಸ್ತಿಲನ್ನು ಯಾವ ಮುಖದಿಂದ ತುಳಿಯುವನು?

ಆದುದರಿಂದ ಈ 40 ದಿನಗಳಲ್ಲಿ ಹೀಗೆ ಮಾಡೋಣ. ಬಿಟ್ಟ ಊಟದ ಹಿಟ್ಟನ್ನು ಬೇರೊಂದು ಮಡಕೆಯಲ್ಲಿಟ್ಟು, ವಾರಕ್ಕೊಮ್ಮೆ ಇಲ್ಲದವರ ಮನೆಗೆ ಮುಟ್ಟಿಸೋಣ. ನಾಲ್ವರೆದುರಿಗೆ ಅವರು ತಲೆ ತಗ್ಗಿಸದಂತೆ ಕತ್ತಲಾದ ಮೇಲೆ ಒಯ್ಯೋಣ. ಮೋಶೆಯ ಧರ್ಮಶಾಸ್ತ್ರವು ವಿಧಿಸಿರುವಂತೆ ದಿನಗೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದಕ್ಕೆ ಮೊದಲೇ ಕೊಡೋಣ. ಬಾಯಾರಿ ಬಾಗಿಲಿಗೆ ಬಂದವನ ಕುಲವನ್ನು ಕೇಳದೆ ನೀರು ಕೊಡೋಣ. ಮಾತು ಬಿಟ್ಟವನನ್ನು ನಾವೇ ಮೊದಲು ಮಾತಾಡಿಸೋಣ.

ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನು ಅವನ ಗಾಯವನ್ನು ನೋಡಿದನೇ ಹೊರತು ಊರನ್ನು ವಿಚಾರಿಸಲಿಲ್ಲ. ಛತ್ರದವನಿಗೆ ಹಣ ಕೊಟ್ಟು ತನ್ನ ದಾರಿ ಹಿಡಿದನು. ಯಾರನ್ನೂ ಹಂಗಿಗೆ ಒಳಪಡಿಸಲಿಲ್ಲ. ನಮ್ಮನ್ನು ಹಂಗಿಸದೆ ರಕ್ಷಿಸಿದ ಕರ್ತನು ಅಂಥ ಹೃದಯವನ್ನು ನಮಗೂ ದಯಪಾಲಿಸಲಿ. ಆಮೆನ್.